ಅರ್ಧ ಅಪ್ಪನದು, ಅರ್ಧ ಮಗಳದು

ಮೊಮ್ಮಗಳ ಓದು ಬಿಡಿಸಲು ಹೊರಟವಳು ನಾನೇ. ಮಗ ಬಾಯಿ ಮಾಡಿದ, ಅಷ್ಟೆ. ಓಣಿಯವರು ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿದರು. ಸುಳ್ಳು.

ಮೊನ್ನೆ ಪಕ್ಕದ ಮನೆಯಲ್ಲಿ ಹೊಸ ಜೀನ್ಸ್ ಬಟ್ಟೆಯ ಥಾನು ಬಿಚ್ಚಿದರು. ಆ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ಕಟಿಂಗ್ ಮಾಸ್ಟರ್ ನೆನಪಾದರು. ರಾಯದುರ್ಗದ ನಮ್ಮ ಓಣಿಯಲ್ಲಿ ಹೊಲಿಯುವ ಪ್ಯಾಂಟುಗಳಿಗೆಲ್ಲ ಬಟ್ಟೆ ಕತ್ತರಿಸಿ ಕೊಡುತ್ತಿದ್ದವರು. ಅವರ ಅಳತೆ ತಪ್ಪಿದ್ದನ್ನು ನಾನು ಕಾಣೆ.

ಮಾಸ್ಟರ್ ಇದ್ದ ಕಾಲಕ್ಕೆ ನನ್ನ ಮಗ, ಸೊಸೆ ಇಬ್ಬರೂ ಹೊಲಿಗೆ ಮಿಷನ್ ಮೇಲೆ. ಹೊಲಿದ ಪ್ಯಾಂಟಿನಲ್ಲಿ ಜೋತಾಡುವ ನೂಲಿನ ತುದಿ ಕತ್ತರಿಸುತ್ತಿದ್ದ ಹೆಂಗಸು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿಬಿಟ್ಟಿದ್ದಳು. ಆ ಜಾಗದಲ್ಲಿ ಒಂಬತ್ತನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಬೇಕೆಂದು ನನ್ನ ಯೋಚನೆ. ನೆಪ ಬೇಕಿತ್ತು...

ಸಿಕ್ಕಿತು. ಮಗ ಪ್ಯಾಂಟಿನ ಲೆಕ್ಕಕ್ಕೆಂದು ಹಳೆಯ ಕಂಪ್ಯೂಟರೊಂದನ್ನು ತಂದು ಒಳಕೋಣೆಯಲ್ಲಿಟ್ಟು, ಮಕ್ಕಳು ಮುಟ್ಟದಿರಲಿ ಎಂದು ಗುಟ್ಟಿನ ಅಂಕಿ ಹಾಕಿದ್ದ. ಯಾವ ಅಂಕಿ? ಪ್ಯಾಂಟಿನ ಸೊಂಟದ ಅಳತೆ: ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು. ನಮ್ಮ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವುದು ಅದನ್ನೇ. ಹುಡುಗಿ ಒಂದೇ ಸಲಕ್ಕೆ ತೆಗೆದು ಗೆಳತಿಯ ಜೊತೆ ಹಾಡು ನೋಡುತ್ತಿದ್ದಳು. ನಾನೇ ಮಗನನ್ನು ಕೂಗಿ ತೋರಿಸಿದೆ.

"ಕಳ್ಳಿ! ನಾಳಿಂದ ಇಸ್ಕೂಲ್ ಬ್ಯಾಡ. ನೂಲು ಕತ್ತರಿಸ್ಲಿ," ಎಂದ ಮಗ.

ಅವಳು ಅಳಲಿಲ್ಲ. ಪುಸ್ತಕದ ಚೀಲ ಎದೆಗೊತ್ತಿಕೊಂಡು ಗೋಡೆಗೆ ಆತು ನಿಂತಳು.

ಗದ್ದಲ ಕೇಳಿ ಮಾಸ್ಟರ್ ಬಂದರು. ಸಂಗತಿ ತಿಳಿದು ನಕ್ಕುಬಿಟ್ಟರು. "ಅಲ್ಲೋ, ಇಡೀ ಓಣಿಗೆ ಗೊತ್ತಿರೋ ಅಂಕಿ ಹಾಕಿ ಆಕೀನ್ನ ಕಳ್ಳಿ ಅಂತೀಯಲ್ಲ!"

ಕಂಪ್ಯೂಟರನ್ನು ಪಡಸಾಲೆಗೆ ತರಿಸಿ ಮಿಷನ್‌ಗಳ ಎದುರು ಇಡಿಸಿದರು. ಕುರ್ಚಿ ತೆಗೆಸಿ, ತಮ್ಮ ಮನೆಯಿಂದ ಬೆಂಚು ಹೊತ್ತು ತಂದು ಹಾಕಿದರು. "ಇದು ಒಬ್ರು ಕುಂದ್ರೋ ಸಾಮಾನಲ್ಲಪಾ. ಹೊಸ ಅಂಕಿ ಹಾಕು. ಅರ್ಧ ನೀನು, ಅರ್ಧ ಮಗಳು. ಒಬ್ಬರದು ಇನ್ನೊಬ್ಬರಿಗೆ ಹೇಳಂಗಿಲ್ಲ. ಇಬ್ರೂ ಕೂಡಿ ಕುಂತ್ರ ಮಾತ್ರ ತೆರೀಬೇಕು."

"ನಾ ಅಪ್ಪ ಅದೀನ್ರಿ. ಆಕೀನ್ನ ಯಾಕ ಕೇಳ್ಬೇಕು?"

"ಅದ್ರಾಗಿನ ಇಂಗ್ಲಿಷ್ ಓದೋರು ಯಾರು? ನಿಮ್ಮವ್ವಾನ?"

ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು.

ಅಪ್ಪ ಅಂಕಿ ಒತ್ತುವಾಗ ಮಗಳು ಮುಖ ತಿರುಗಿಸಿದಳು. ಮಗಳು ಒತ್ತುವಾಗ ಅಪ್ಪ ತಿರುಗಿಸಿದ. ಮಾಸ್ಟರಂತೂ ಇಬ್ಬರಿಗೂ ಬೆನ್ನು ಹಾಕಿ ನಿಂತಿದ್ದರು. ಬೆಂಚಿನ ಮೇಲೆ ಅಪ್ಪ ಮಗಳು ಪಕ್ಕಪಕ್ಕ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಹೋಗುವಾಗ ಮಾಸ್ಟರ್ ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದರು: "ಅಕ್ಕಾ, ನೂಲು ಕತ್ತರಿಸಾಕ ಕೂಸು ಓದು ಬಿಡ್ಬೇಕೇನ್ರಿ? ನಿಮ್ಮ ಕೈಗೇನಾಗೈತ್ರಿ?"

ನನ್ನ ನೆಪ ಅವರೊಬ್ಬರಿಗೆ ಗೊತ್ತಾಗಿತ್ತು. ಮೈ ಉರಿಯಿತು.

ಮೊಮ್ಮಗಳು ಈಗ ಮಡಕಶಿರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮಾಸ್ಟರ್ ತೀರಿಹೋಗಿ ನಾಲ್ಕು ವರ್ಷವಾಯಿತು. ತಪ್ಪನ್ನು ಮುಖಕ್ಕೇ ಹೇಳಿ, ಮಾನ ಮಾತ್ರ ಕಳೆಯದ ಅಂಥ ಮನುಷ್ಯ ಓಣಿಗೆ ಮತ್ತೆ ಬರಲಿಲ್ಲ... ನೀವು ಹೇಳಿದ್ದು ಸರಿ ಎಂದು ನಾನು ಅವರಿಗೆ ಒಂದು ದಿನವೂ ಹೇಳಲಿಲ್ಲ. ಅಂಥ ಮಾತು ನನಗೆ ಬರುವುದಿಲ್ಲ. ಮಾಡಿದ್ದು ಇಷ್ಟೆ: ಅವರು ಬೆಂಚು ತಂದು ಹಾಕಿದ ಮರುದಿನ ಬೆಳಿಗ್ಗೆ ಹುಡುಗಿಗೆ ಬಿಗಿಯಾಗಿ ಜಡೆ ಹೆಣೆದು ಸ್ಕೂಲಿಗೆ ಕಳಿಸಿ, ಕತ್ತರಿ ತಗೊಂಡು ಪ್ಯಾಂಟಿನ ರಾಶಿಯ ಮುಂದೆ ನಾನು ಕೂತೆ.