ದಾದಿಗೆ ಹೇಳಿದ್ದು

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಎಲ್ಲಿ ಬಂದರೂ ನನಗೆ ಪುಲಿಕೇಶಿನಗರದ ಆ ಹಳೆಯ ಹೆಂಚಿನ ಮನೆ ನೆನಪಾಗುತ್ತದೆ. ಗಾರೆ ಕೆಲಸಕ್ಕೆಂದು ಯಾದಗಿರಿಯಿಂದ ಬಂದ ಅಪ್ಪ ಅದರ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಮುಂದಿನ ಭಾಗದಲ್ಲಿ ಮನೆಯ ಮಾಲೀಕರು: ಶಿವಾಜಿನಗರದಲ್ಲಿ ಲೇಸು, ಗುಂಡಿ ಮಾರುತ್ತಿದ್ದ ಸಾಹೇಬರು, ಅವರ ತಾಯಿ, ಮಗಳು ನಸೀಮಾ. ಆ ಅಜ್ಜಿಯನ್ನು ನಸೀಮಾಳಂತೆ ನಾನೂ ದಾದಿ ಎಂದೇ ಕರೆಯುತ್ತಿದ್ದೆ. ದಾದಿ ಹಗಲೆಲ್ಲ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದರು. ಆ ಸದ್ದಿನಲ್ಲೇ ನಾವಿಬ್ಬರೂ ಓದಿ ಬೆಳೆದೆವು.

ಮೊದಲ ಪಿಯುಸಿಯ ವರ್ಷ ನಸೀಮಾಳ ಮಾತು ಕಡಿಮೆಯಾಯಿತು, ಊಟವೂ. ಯಾರಿಗೂ ಮುಟ್ಟಲು ಬಿಡದ ಬಣ್ಣದ ಪೆಟ್ಟಿಗೆಯನ್ನು ಒಂದು ದಿನ ನನ್ನ ಕೈಗಿಟ್ಟು, "ನೀನೇ ಇಟ್ಕೊ" ಎಂದಳು. ನನಗೆ ಖುಷಿಯೇ ಆಯಿತು. ಮೂರು ದಿನ ಅದರಲ್ಲಿ ಚಿತ್ರ ಬರೆದೆ. ಹೇಳಿಕೊಳ್ಳಲು ಈಗಲೂ ನಾಚಿಕೆ. ನಾಲ್ಕನೆಯ ದಿನ ಹಬ್ಬಕ್ಕೆಂದು ದಾದಿ ಹೊಲಿದಿದ್ದ ಹೊಸ ಚೂಡಿದಾರವನ್ನೂ ತಂದುಕೊಟ್ಟಾಗ ಹೆದರಿಕೆಯಾಯಿತು. ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೇರವಾಗಿಯೇ ಕೇಳಿದೆ.

"ಸಾಯ್ಬೇಕು ಅನ್ನಿಸ್ತಿದ್ಯಾ ನಿಂಗೆ?"

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಹೂಂ. ಯಾಕೆ ಅಂತ ನಂಗೂ ಗೊತ್ತಿಲ್ಲ. ಯಾರ್ಗೂ ಹೇಳ್ಬೇಡ ಕಣೇ."

"ದಾದಿಗೆ ಹೇಳ್ತೀನಿ. ನೀನು ಬೈದ್ರೂ ಪರ್ವಾಗಿಲ್ಲ."

ಕೈ ಕೊಸರಿಕೊಂಡಳು. ನಾನು ಬಿಡಲಿಲ್ಲ, ಅಲ್ಲಿಂದಲೇ ದಾದಿಯನ್ನು ಕೂಗಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು, ಬೈಯಲಿಲ್ಲ. ಮಂಡಿನೋವಿನಲ್ಲೇ ಮೆಟ್ಟಿಲ ಮೇಲೆ ಕೂತು ಮೊಮ್ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಒಳ್ಳೇದ್ ಮಾಡ್ದೆ ಬೇಟಿ. ಊಟ ಆಯ್ತಾ?" ಎಂದರು. ಜನ ಏನಂದುಕೊಂಡಾರೆಂದು ಸಾಹೇಬರು ಅಳುಕಿದಾಗ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ, ಇದೂ ಹಾಗೇ ಎಂದು ದಾದಿ ತಮ್ಮ ದಖನಿ ಉರ್ದುವಿನಲ್ಲಿ ಗದರಿ, ಮರುದಿನ ಬೆಳಿಗ್ಗೆ ತಾವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಅದು ಒಂದು ದಿನಕ್ಕೆ ಮುಗಿಯಲಿಲ್ಲ. ತಿಂಗಳುಗಟ್ಟಲೆ ಓಡಾಟ, ಮಾತ್ರೆ, ಡಾಕ್ಟರೊಂದಿಗೆ ಮಾತು. ನಾನು ಮೋಸ ಮಾಡಿದೆನೆಂದು ನಸೀಮಾ ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ಕೊನೆಗೊಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತು, "ನನ್ ಬಣ್ಣದ ಪೆಟ್ಗೆ ವಾಪಸ್ ಕೊಡೇ" ಎಂದಳು. ಅರ್ಧ ಖಾಲಿಯಾಗಿದ್ದಕ್ಕೆ ಬೈದಳು. ಅಷ್ಟು ಹಿತವಾದ ಬೈಗುಳವನ್ನು ಮತ್ತೆ ಕೇಳಿಲ್ಲ.

ಆ ಮನೆ ಈಗಿಲ್ಲ. ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ನಸೀಮಾ ಕಲ್ಯಾಣ ನಗರದಲ್ಲಿದ್ದಾಳೆ, ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಾಳೆ. ಹೋದ ವರ್ಷ ದಾದಿ ತೀರಿಕೊಂಡ ದಿನ ಅವಳು ಮೊದಲು ಫೋನ್ ಮಾಡಿದ್ದು ನನಗೆ. "ಬಾರೇ, ಒಬ್ಳೇ ಇರೋಕಾಗ್ತಿಲ್ಲ" ಎಂದಳು. ಸಹಾಯ ಕೇಳುವುದನ್ನು ಅವಳು ಕಲಿತಿದ್ದಳು. ನಾನು ಆಟೋ ಹಿಡಿದೆ.