ಗುಂಡಿ ಮಗ್ಗದೊಳಗೆ ಇಳಿದ ಕ್ಯಾಮೆರಾ

ಕಳೆದ ವರ್ಷದ ಕಾರ್ತಿಕ ಮಾಸಕ್ಕೆ ನಾನು ಕೊಳ್ಳೇಗಾಲದಲ್ಲಿ ಸ್ಟುಡಿಯೊ ತೆರೆದು ಮೂವತ್ತೊಂದು ವರ್ಷವಾಗಿತ್ತು. ಹನೂರು, ಯಳಂದೂರು, ಬಂಡಳ್ಳಿ, ಅಜ್ಜೀಪುರದ ಮದುವೆಗಳಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ನಿಂತೇ ಆಯಸ್ಸು ಕಳೆದವನು ನಾನು. ಸ್ಟುಡಿಯೊದಲ್ಲಿ ಜೊತೆಗಿದ್ದ ನನ್ನ ಹೆಂಡತಿ ಸುಶೀಲ ತೀರಿಕೊಂಡು ಆಗ ಎಂಟು ತಿಂಗಳು. ಮದುಮಗಳನ್ನು ಸಿಂಗರಿಸುವ ಕೋಣೆಗೆ ಅವಳೇ ಹೋಗಿ, ಅಂಗೈಯಗಲದ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಿದ್ದಳು. ನಾನು ಅದನ್ನು ಸೋಪಿನ ಡಬ್ಬಿ ಎಂದು ಹಂಗಿಸುತ್ತಿದ್ದೆ. ಅವಳು ಹೋದ ಮೇಲೆ ಅದು ನನ್ನ ಬ್ಯಾಗಿಗೆ ಬಂತು. ವಾರಕ್ಕೊಮ್ಮೆ ಬ್ಯಾಟರಿ ಚಾರ್ಜ್ ಮಾಡುತ್ತಿದ್ದೆ, ಆನ್ ಮಾತ್ರ ಮಾಡಿರಲಿಲ್ಲ.

ಆ ದಿನಗಳಲ್ಲೇ ಹನೂರಿನಲ್ಲಿ ಶಾಲೆ ಟೀಚರಾಗಿರುವ ಸರೋಜ ಸ್ಟುಡಿಯೊಗೆ ಬಂದರು. ಅವರ ತಂದೆ ಚೌಡಯ್ಯ ನಮ್ಮ ಊರಿನ ಹಳೆಯ ರೇಷ್ಮೆ ನೇಕಾರರು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗ ಅವರದು. ಮಂಡಿ ಸವೆದಿದೆ, ಇನ್ನು ಗುಂಡಿಗೆ ಇಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಗಳಿಗಾಗಿ ನೇಯುತ್ತಿದ್ದ ಸೀರೆ ಮುಗಿದ ಮರುದಿನವೇ ಮಗ್ಗ ಬಿಚ್ಚುವುದೆಂದು ತೀರ್ಮಾನವಾಗಿತ್ತು.

"ಅಪ್ಪ ನೇಯ್ತಾ ಇರೋ ಒಂದು ಫೋಟೋನೂ ನಮ್ಮನೇಲಿ ಇಲ್ಲ ಸಾ," ಎಂದರು ಸರೋಜ. "ಇವತ್ತು ಮಧ್ಯಾಹ್ನ ಸೀರೆ ಮುಗಿದೋಗುತ್ತೆ. ಆಮೇಲೆ ಬಂದ್ರೆ ಬರೀ ಗುಂಡಿ ಇರುತ್ತೆ, ಅಷ್ಟೇ."

ಎರಡು ಗಂಟೆಗೆ ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, ಫ್ಲ್ಯಾಷು ಎಲ್ಲವನ್ನೂ ಹೊತ್ತು ಅವರ ಮನೆಗೆ ಹೋದೆ. ಚೌಡಯ್ಯನವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಂಡು ಮಗ್ಗದಲ್ಲಿ ಕೂತಿದ್ದರು. ನೇಯಲು ಉಳಿದಿದ್ದುದು ಒಂದು ಗೇಣು ಮಾತ್ರ. ಅಡ್ಡನೂಲು ಹೊತ್ತ ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮಿಂಚಿನಂತೆ ಓಡಾಡುತ್ತಿತ್ತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಲಾಳಿ ನಿಂತಿತು. ಚೌಡಯ್ಯನವರು ಕೈ ಮಡಿಲಲ್ಲಿಟ್ಟು, ಎದೆ ಸೆಟೆಸಿ, ಉಸಿರು ಬಿಗಿಹಿಡಿದು ನನ್ನನ್ನೇ ನೋಡತೊಡಗಿದರು.

"ನೇಯ್ತಾ ಇರಿ, ನಿಲ್ಲಬೇಡಿ," ಎಂದೆ.

"ಊ ಸಾ," ಎಂದು ಶುರುಮಾಡಿದರು. ಮತ್ತೆ ಕ್ಯಾಮೆರಾ ಎತ್ತಿದೆ. ಮತ್ತೆ ಲಾಳಿ ನಿಂತಿತು. ಹೀಗೆ ಐದಾರು ಸಲ. ಬಾಗಿಲ ಮರೆಗೆ ಹೋಗಿ ತೆಗೆಯಲು ನೋಡಿದೆ. ಶಟರ್‌ನ ಮೊದಲ ಸದ್ದಿಗೇ ಅವರು ಮತ್ತೆ ಬೊಂಬೆಯಾದರು.

"ಅಪ್ಪಾ, ಯಾಕಂಗೆ ಬಿಗ್ಕೊತೀಯಾ? ಸುಮ್ನೆ ನೇಯಿ," ಎಂದು ಸರೋಜ ಗದರಿದರು.

"ಸುಮ್ಕಿರವ್ವ ನೀನು! ಇವ್ರೇ ಅಲ್ವಾ ಅವತ್ತು ಏಳಿದ್ದು? ಕಾರ್ಡಿನ ಫೋಟೋಕೆ ಓದಾಗ, 'ಉಸಿರು ಇಡ್ಕಳಿ, ಅಲ್ಲಾಡಬ್ಯಾಡಿ' ಅಂತ ಎಲ್ಡು ಸಲ ಬೈದ್ರು. ಅಲ್ಲಾಡಿದ್ರೆ ಫೋಟೋ ಕೆಟ್ಟೋಯ್ತದೆ."

ನೇಕಾರರ ಗುರುತಿನ ಕಾರ್ಡಿಗೆಂದು ಅವರು ಯಾವಾಗಲೋ ನನ್ನ ಸ್ಟುಡಿಯೊಗೆ ಬಂದಿದ್ದರಂತೆ. ನನಗೆ ನೆನಪಿಲ್ಲ. ಆದರೆ ಆ ಮಾತು ನನ್ನದೇ, ಅನುಮಾನವಿಲ್ಲ. ಸಾವಿರಾರು ಜನಕ್ಕೆ ಹೇಳಿದ್ದೇನೆ. ಸುಶೀಲಳಿಗೂ ಹೇಳಿದ್ದೆ. ಅದಕ್ಕೇ ನನ್ನ ಬಳಿ ಇರುವ ಅವಳ ಫೋಟೋಗಳಲ್ಲೆಲ್ಲ ಅವಳು ನೆಟ್ಟಗೆ ನಿಂತಿದ್ದಾಳೆ. ನಗುತ್ತಾ ಜಡೆ ಹಿಂದಕ್ಕೆ ಎಸೆಯುವ ಸುಶೀಲ ಒಂದರಲ್ಲೂ ಇಲ್ಲ.

ಅಷ್ಟರಲ್ಲಿ ಚೌಡಯ್ಯನವರು ಬಟ್ಟೆಯ ಮೇಲೆ ಬೆರಳಾಡಿಸಿ ಮುಖ ಸಪ್ಪೆ ಮಾಡಿದರು. "ಇನ್ನು ನಿಲ್ಲಕ್ಕಾಗಕಿಲ್ಲ ಸಾ. ನಿಂತ್ ಕಡೆಲೆಲ್ಲ ಗೀಟು ಬೀಳ್ತದೆ. ಮಗಳ ಸೀರೆ ಇದು. ಆಗಲೇ ಐದಾರು ಗೀಟು ಬಿದ್ದೋದೊ."

ನೇಯ್ಗೆ ತಡೆದು ಮತ್ತೆ ಶುರುವಾದ ಜಾಗದಲ್ಲಿ ರೇಷ್ಮೆಯ ಮೇಲೆ ಸಣ್ಣ ಗೆರೆ ಕಾಣುತ್ತದೆ. ತೊಳೆದರೆ ಹೋಗುವಂಥದ್ದಲ್ಲ. ನನ್ನ ಫೋಟೋ ಅವರ ಕೊನೆಯ ಸೀರೆಯನ್ನು ಕೆಡಿಸುತ್ತಿತ್ತು. ಉಳಿದಿದ್ದುದು ನಾಲ್ಕು ಬೆರಳಗಲ. ಅಂದರೆ ಹತ್ತು ನಿಮಿಷ.

ದೊಡ್ಡ ಕ್ಯಾಮೆರಾವನ್ನು ಅವರ ಎದುರಿಗೇ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಆಗ ಸುಶೀಲಳ ಕ್ಯಾಮೆರಾ ಕೈಗೆ ತಗುಲಿತು. ಗುಂಡಿಯ ಕಡೆ ನೋಡಿದೆ. ಮಗ್ಗದ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಕೆಳಗೆ ಒಂದು ತೋಳು ಹೋಗುವಷ್ಟೇ ಸಂದು. ನನ್ನ ದೊಡ್ಡ ಲೆನ್ಸಿಗೆ ಅಲ್ಲಿ ಜಾಗವಿಲ್ಲ. ಈ ಡಬ್ಬಿಗೆ ಇತ್ತು!

"ಚೌಡಯ್ಯನೋರೆ, ಫೋಟೋ ಸಾಕು. ನೀವು ನಿಮ್ಮ ಪಾಡಿಗೆ ನೇಯಿರಿ. ನಾನು ಈ ಸಣ್ಣದರಲ್ಲಿ ಕೆಳಗಡೆ ಕಾಲು ನೋಡ್ಕೋತೀನಿ."

"ಕಾಲಾ? ಏನ್ ನೋಡೀರಿ ಸಾ, ಕತ್ತೆ ಕಾಲಂಗೆ ಆಗವೆ," ಎಂದು ಮೊದಲ ಸಲ ನಕ್ಕರು.

"ಆ ಅಂಗಿ ಬಿಚ್ಚಿಕೊಡಿ," ಎಂದೆ. ಗುಂಡಿಯೊಳಗೆ ಕತ್ತಲು. ಫ್ಲ್ಯಾಷ್ ಹಾಕಿದರೆ ಅವರು ಮತ್ತೆ ಬೊಂಬೆಯಾಗುತ್ತಾರೆ. ಕಿಟಕಿಯ ಬಿಸಿಲಿಗೆ ಎದುರಾಗಿ ಆ ಬಿಳಿ ಅಂಗಿಯನ್ನು ಅಗಲಿಸಿ ಹಿಡಿಯಲು ಸರೋಜರಿಗೆ ಹೇಳಿದೆ. ಬೆಳಕು ಅಂಗಿಗೆ ಬಡಿದು ಗುಂಡಿಯೊಳಗೆ ಹಾಲಿನಂತೆ ಇಳಿಯಿತು. ಬನಿಯನ್ನಿನಲ್ಲಿ ಕೂತ ಚೌಡಯ್ಯನವರ ಹೆಗಲು ಸಡಿಲವಾಯಿತು. ಲಾಳಿ ಓಡಿತು.

ನೆಲದ ಮೇಲೆ ಬೋರಲು ಮಲಗಿ, ಕ್ಯಾಮೆರಾ ಆನ್ ಮಾಡಿದೆ. ಸದ್ದಿಲ್ಲ. ಬೀಪ್ ಶಬ್ದವನ್ನೂ ಫ್ಲ್ಯಾಷನ್ನೂ ಸುಶೀಲ ಆರಿಸಿಟ್ಟಿದ್ದಳು. ಯಾಕೆಂದು ನಾನು ಎಂದೂ ಕೇಳಿರಲಿಲ್ಲ. ಮದುಮಗಳು ಬೊಂಬೆಯಾಗಬಾರದೆಂದು, ಅಂದು ನೆಲದಲ್ಲಿ ಮಲಗಿದಾಗ ತಿಳಿಯಿತು. ಹಿಂದಿನ ಪರದೆಯನ್ನು ಮೇಲ್ಮುಖ ಮಾಡಿ, ತೋಳನ್ನು ಹಾಸಿನ ಕೆಳಗೆ ಇಳಿಸಿದೆ. ಇಂಥ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಬಿಲ್ಲೆ, ಬಹಳ ಸಣ್ಣದು. ಅದು ದೋಷವೆಂದೇ ನಾನು ತಿಳಿದಿದ್ದೆ. ಆದರೆ ಆ ಸಣ್ಣತನದಿಂದಲೇ ಹತ್ತಿರದ್ದು, ದೂರದ್ದು ಎರಡೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತದೆ. ಕೆಳಗೆ ತುಳಿಮಣೆಯ ಹಗ್ಗವನ್ನು ಹೆಬ್ಬೆಟ್ಟಿನಲ್ಲಿ ಹಿಡಿದು ಕುಣಿಯುವ ಪಾದಗಳು, ಮೇಲೆ ರೇಷ್ಮೆ ಎಳೆಗಳ ಸಂದಿನಿಂದ ಬಗ್ಗಿದ ಮುಖ. ಒಂದೇ ಚೌಕಟ್ಟಿನಲ್ಲಿ! ನನ್ನ ದೊಡ್ಡ ಕ್ಯಾಮೆರಾ ಇದನ್ನು ಕನಸಿನಲ್ಲೂ ಕೊಡುತ್ತಿರಲಿಲ್ಲ.

"ಇನ್ನೆಷ್ಟು?" ಎಂದೆ, ಉಸಿರುಗಟ್ಟಿ.

"ಎಲ್ಡು ಬೆರಳು."

ಪಾದ ಒತ್ತುವ ಕ್ಷಣಕ್ಕೂ ಲಾಳಿ ಎಸೆಯಲು ತಲೆ ಬಗ್ಗುವ ಕ್ಷಣಕ್ಕೂ ತಾಳ ಸಿಕ್ಕಿತು. ಟಕ್ ಎಂದಾಗ ಒತ್ತಬೇಕು. ಒತ್ತಿದೆ. ಮತ್ತೆ ಒತ್ತಿದೆ. ತೋಳು ಜೋಮು ಹಿಡಿಯಿತು. ಗಲ್ಲಕ್ಕೆ ಮಣ್ಣು ಮೆತ್ತಿತು. ಇಪ್ಪತ್ತಮೂರು ಚಿತ್ರ ತೆಗೆದೆ.

"ಆಯ್ತು ಸಾ," ಎಂದರು ಚೌಡಯ್ಯ. ಲಾಳಿಯನ್ನು ಬಟ್ಟೆಯ ಮೇಲಿಟ್ಟು ಹಾಗೇ ಕೂತರು.

ಕ್ಯಾಮೆರಾದ ಪರದೆಯನ್ನು ಅವರ ಮುಂದೆ ಹಿಡಿದೆ. ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದರು. "ಇದು ನನ್ ಕಾಲಾ? ಎಬ್ಬೆಟ್ಟು ಅಗ್ಗ ಇಡ್ಕಂಡದಲ್ಲ! ಇಷ್ಟೆಲ್ಲ ಕ್ಯಾಮೆ ಮಾಡ್ತಿತ್ತಾ ಇದು? ನಾನು ಒಂದ್ ದಿನಾನೂ ನೋಡಿರ್ನಿಲ್ಲ ಕಣವ್ವ." ನೇಯುವಾಗ ಕಣ್ಣು ಸದಾ ಬಟ್ಟೆಯ ಮೇಲೆ. ಕಾಲು ಸದಾ ಗುಂಡಿಯೊಳಗೆ. ನೋಡುವುದಾದರೂ ಹೇಗೆ?

ವಾರದ ನಂತರ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಗೋಡೆಗೆ ಹಾಕಲು ಸರೋಜ ಹಿಂಜರಿದರು. "ಅಪ್ಪಾ, ಬಂದೋರಿಗೆ ಮೊದಲು ಪಾದಾನೇ ಕಾಣುತ್ತೆ. ಬಾಗಿಲ ಎದುರಿಗೆ ಹಾಕಿದ್ರೆ ಏನಂದ್ಕೊಳ್ತಾರೆ?"

"ಏನಾರ ಅಂದ್ಕಳ್ಳಿ, ಆಕು. ಅನ್ನ ತಂದಾಕಿದ್ದು ಅದೇ ಅಲ್ವಾ?"

ಚಿತ್ರಕ್ಕಾಗಿ ಯಾರ ಲಾಳಿಯನ್ನೂ ನಿಲ್ಲಿಸಬಾರದು. ಬೇಕಾದರೆ ಫೋಟೋಗ್ರಾಫರನೇ ನೆಲಕ್ಕೆ ಎದೆಯಾನಿಸಿ ಅದರ ಹತ್ತಿರ ಹೋಗಬೇಕು. ಇಷ್ಟನ್ನು ಕಲಿಯಲು ನನಗೆ ಮೂವತ್ತೊಂದು ವರ್ಷ ಹಿಡಿಯಿತು. ಸೀರೆ ಮುಗಿದ ದಿನ ಸಂಜೆ ಮನೆಗೆ ಬಂದಾಗ ಹೇಳಲು ಸುಶೀಲ ಇರಲಿಲ್ಲ. ಇದ್ದಿದ್ದರೂ ಅವಳಿಗೆ ಇದು ಹೊಸ ಮಾತಾಗುತ್ತಿರಲಿಲ್ಲ.