ಹೊಗೆಯೋ ದೂಳೋ, ಹೊಗೆಯಕ್ಕನಿಗೇ ಗೊಂದಲ

ಬೆಳಕು ಹರಿಯುವ ಹೊತ್ತು. ಮೂರನೇ ಮಹಡಿಯ ಕೋಣೆಯಲ್ಲಿ ಹೆಂಗಸೊಬ್ಬರು ಪರದೆಗೆ ಮೂಗು ತಾಗುವಷ್ಟು ಬಾಗಿ ಕೂತಿದ್ದಾರೆ. ಉಪಗ್ರಹದಿಂದ ದಿನದ ಮೊದಲ ಚಿತ್ರ ಈಗಷ್ಟೇ ಬಂದಿದೆ. ಬೆಟ್ಟದ ಸಾಲಿನಿಂದ ಹೆದ್ದಾರಿಯವರೆಗೆ ಮಬ್ಬು ಪಟ್ಟೆಯೊಂದು ಚಾಚಿಕೊಂಡಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳುತ್ತಾರೆ. ಪಟ್ಟೆ ಅಲ್ಲೇ ಇದೆ.

“ಕನ್ನಡಕದ್ದೇನೂ ತಪ್ಪಿಲ್ಲ. ಇದು ಹೊಗೆಯೋ ದೂಳೋ, ಅದೇ ಗೊತ್ತಾಗ್ತಿಲ್ಲ” ಎಂದು, ಅವರ ಕೆಲಸ ನೋಡಿ ಬರೆಯಲು ಬಂದ ನನಗೆ ಹೇಳುತ್ತಾರೆ.

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಹೊಗೆಯಕ್ಕ. ಕಾಡಿಗೆ ಬೆಂಕಿ ಬಿದ್ದಾಗ ಏಳುವ ಹೊಗೆ, ಬಯಲಿನಿಂದ ಗಾಳಿ ಎಬ್ಬಿಸುವ ದೂಳು ಎತ್ತ ಸಾಗುತ್ತಿವೆಯೆಂದು ಚಿತ್ರದ ಮೇಲೆ ಗೆರೆ ಎಳೆದು ತೋರಿಸುವುದು ಅವರ ಕೆಲಸ. ‘ಎಚ್ಚರಿಕೆ ನೀಡಲಾಗಿದೆ’ ಎಂದು ಸುದ್ದಿಯಲ್ಲಿ ಓದುತ್ತೇವಲ್ಲ, ಹಾಗೆ ನೀಡುವವರು ಇವರು.

ಗಂಡ ತೀರಿಕೊಂಡ ಮೇಲೆ, ಯಾರಿಗೂ ಬೇಡವಾಗಿದ್ದ ಈ ನಸುಕಿನ ಪಾಳಿಯನ್ನು ತಾವೇ ಕೇಳಿ ಹಾಕಿಸಿಕೊಂಡರು. “ಮಗಳು ಏಳೋದರೊಳಗೆ ಅರ್ಧ ಕೆಲಸ ಮುಗೀತಿತ್ತು. ಆಮೇಲೆ ನನ್ನ ತಮ್ಮ ನೋಡ್ಕೋತಿದ್ದ. ಜಡೇನೂ ಅವನೇ ಹಾಕ್ತಿದ್ದ, ಸೊಟ್ಟಗೆ.” ಆ ತಮ್ಮ ಈಗ ಲಾರಿ ಓಡಿಸುತ್ತಾನೆ. ಇವತ್ತು ಅವನ ಲಾರಿ ಇರುವುದು ಆ ಮಬ್ಬು ಪಟ್ಟೆಯ ಕೆಳಗಿನ ಹೆದ್ದಾರಿಯಲ್ಲೇ.

ಸಾಮಾನ್ಯವಾಗಿ ಹೊಗೆ ನೀಲಿ ಬೆರೆತ ಬೂದು, ದೂಳು ಕಂದು. ಆದರೆ ಎಳೆಬಿಸಿಲು ಓರೆಯಾಗಿ ಬಿದ್ದು ಎಲ್ಲವೂ ಹಳದಿ ತಿರುಗಿದೆ. ಬೆಂಕಿ ತೋರಿಸುವ ಕೆಂಪು ಚುಕ್ಕಿಗಳನ್ನು ನೋಡೋಣವೆಂದರೆ ಬೆಟ್ಟದ ಮೇಲೆ ಮೋಡ. ದೂಳಾದರೆ ವಾಹನ ನಿಲ್ಲಿಸಬೇಕು. ಎದುರಿನ ಗಾಡಿ ಕಾಣುವುದಿಲ್ಲ. ಹೊಗೆಯಾದರೆ ತಪ್ಪಲಿನ ಆಸ್ಪತ್ರೆಗೆ ತಿಳಿಸಬೇಕು. ಅಲ್ಲಿ ಉಸಿರಾಟದ ರೋಗಿಗಳಿದ್ದಾರೆ.

ತಮ್ಮನಿಗೆ ಫೋನು ಹೋಗುತ್ತದೆ.

“ಎಲ್ಲಿದೀಯೋ?”

“ಪೆಟ್ರೋಲ್ ಬಂಕ್ ಹತ್ರ ಅಕ್ಕ. ಬಾಯಲ್ಲಿ ಮರಳು ಕರಕರ ಅಂತಿದೆ.”

“ಸುಟ್ಟ ವಾಸನೆ ಬರ್ತಿದೆಯಾ?”

“ನೆಗಡಿ ಆಗಿ ಮೂಗೇ ಕಟ್ಟಿದೆ, ವಾಸನೆ ಎಲ್ಲಿಂದ ಬರಬೇಕು!”

ಆಸ್ಪತ್ರೆಯ ನರ್ಸ್‌ಗೆ ಮಾಡಿದರೆ ಇನ್ನೊಂದು ರಾಗ: “ಸುಟ್ಟ ವಾಸನೆ ಇದೆ ಮೇಡಂ. ಆದರೆ ಕಾಂಪೌಂಡಿನಾಚೆ ಕಸ ಸುಡ್ತಾರೆ, ಅದೂ ಇರಬಹುದು.”

ಹೊಗೆಯಕ್ಕ ತಲೆ ಕೆರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಸಾಹೇಬರು ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ.

“ಯಾವುದಾದರೂ ಒಂದು ಹೇಳೀಮ್ಮ.”

“ಗೊತ್ತಾಗ್ತಿಲ್ಲ ಸರ್. ಎರಡಕ್ಕೂ ಎಚ್ಚರಿಕೆ ಕೊಟ್ಟುಬಿಡೋಣ.”

“ಎರಡೂ ಸುಳ್ಳಾದರೆ?”

“ನನ್ನ ಹೆಸರು ಹೇಳಿ ಸರ್.”

ಹೊಗೆಯಕ್ಕ ಎರಡೂ ಎಚ್ಚರಿಕೆಗಳನ್ನು ಕಳಿಸುತ್ತಾರೆ. ಹೆದ್ದಾರಿ ಬಂದ್ ಆಗುತ್ತದೆ. ಆಸ್ಪತ್ರೆಯ ಕಿಟಕಿಗಳು ಮುಚ್ಚುತ್ತವೆ.

ಬಿಸಿಲೇರಿದ ಮೇಲೆ ಬಂದ ಚಿತ್ರದಲ್ಲಿ ಪಟ್ಟೆ ಎರಡಾಗಿ ಸೀಳಿದೆ. ಬೆಟ್ಟದ ಕಡೆ ಬೂದು, ಹೆದ್ದಾರಿಯ ಮೇಲೆ ಕಂದು. “ಹಾಗಾದರೆ ಎರಡೂ ಇತ್ತಾ?” ಎಂದು ಕೇಳುತ್ತೇನೆ. ನನಗಂತೂ ಆಗಿನಿಂದಲೂ ಎಲ್ಲ ಒಂದೇ ಥರ ಕಾಣುತ್ತಿದೆ.

“ಈಗೇನೋ ಎರಡು. ಬೆಳಿಗ್ಗೆನೂ ಹಾಗೇ ಇತ್ತೋ, ಆಮೇಲೆ ಬಂದು ಸೇರ್ಕೊಂಡಿತೋ… ತಲೆಗೇ ಹತ್ತುತ್ತಿಲ್ಲ ನೋಡಿ.”

ಹೆದ್ದಾರಿಯಲ್ಲಿ ಅಪಘಾತವಾಗಿಲ್ಲ. ಎಚ್ಚರಿಕೆ ಕೊಡದಿದ್ದರೆ ಆಗುತ್ತಿತ್ತೇ? ಅದನ್ನು ಹೇಳುವ ಚಿತ್ರ ಯಾವ ಉಪಗ್ರಹದಿಂದಲೂ ಬರುವುದಿಲ್ಲ. ಆಸ್ಪತ್ರೆಯ ವಾರ್ಡಿನವರು ಸೆಖೆಯೆಂದು ಗೊಣಗುತ್ತಿದ್ದಾರಂತೆ.

ಅಷ್ಟರಲ್ಲಿ ತಮ್ಮನ ಫೋನು. “ಯಾವ ಪುಣ್ಯಾತ್ಮರು ರಸ್ತೆ ಬಂದ್ ಮಾಡಿಸಿದ್ದು? ಬೆಳಿಗ್ಗೆಯಿಂದ ಇಲ್ಲೇ ಕೊಳೀತಾ ಬಿದ್ದಿದೀನಿ. ಹೊಟ್ಟೆ ಚುರುಗುಟ್ತಿದೆ, ಲೋಡ್ ಕಾಯ್ತಿದೆ…” ಬೈಗುಳ ಮೂಲೆಯಲ್ಲಿ ಕೂತ ನನಗೂ ಕೇಳಿಸುತ್ತದೆ. ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ನಗುತ್ತಾರೆ.

“ಬೈಯಲಿ ಬಿಡಿ,” ಎನ್ನುತ್ತಾರೆ. “ಬೈಯೋಕೆ ಇದ್ದಾನಲ್ಲ.”